ನುಂಗಿದ ಹೆಸರುಗಳು

ಕೂಗದೆ ಬಿಟ್ಟದ್ದು ಆ ಊರಿನಲ್ಲಿ ಇರುವುದಿಲ್ಲ.

ಒಂದು ಕಡೆ ದೊಡ್ಡ ಹೊಳೆ, ಇನ್ನೊಂದು ಕಡೆ ಕೊನೆಯಿಲ್ಲದ ಕಾಡು, ನಡುವೆ ಕೆಂಪು ನೆಲ. ಆ ನೆಲದ ಮೇಲೆ ಊರು, ಊರಿನ ಮಧ್ಯೆ ಆಳೆತ್ತರದ ಒಂದು ಕರಿಕಲ್ಲು. ಬೆಳಗಿನ ಬಿಸಿಲು ಕಲ್ಲಿನ ನೆತ್ತಿ ಮುಟ್ಟಿದಾಗ ಕೂಗುವವಳು ಅದರ ಮೇಲೆ ಹತ್ತಿ ನಿಂತು ಆ ಸೀಮೆಯ ಚಿಟ್ಟೆಗಳ ಹೆಸರನ್ನೆಲ್ಲ ಒಂದೊಂದಾಗಿ ಕೂಗುತ್ತಾಳೆ. ಜನ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಾರೆ. ಕೂಗಿದ ಚಿಟ್ಟೆ ಅಂದು ಹಾರುತ್ತದೆ. ಕೂಗದ್ದು ಮೂಗಿನ ಮುಂದೆ ಹಾರಿದರೂ ಹೆಸರಿಡುವವನ ಹೊರತು ಬೇರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಚಿಟ್ಟೆಗೆ ಮಾತ್ರ ಯಾಕೆ, ಆನೆಗೆ ಯಾಕಿಲ್ಲ ಅಂತ ಹೊರಗಿನವರು ಕೇಳಿದರೆ ಊರವರು ನಗುತ್ತಾರೆ. ಆನೆ ಬಂದರೆ ಗೊತ್ತಾಗುತ್ತಲ್ಲ, ಕೂಗೋದು ಯಾಕೆ, ಅನ್ನುತ್ತಾರೆ.

ಒಂದು ಚಿಟ್ಟೆಗೆ ಒಂದೇ ಹೆಸರು, ಒಂದು ಹೆಸರಿಗೆ ಒಂದೇ ಚಿಟ್ಟೆ. ಇದು ಅಲ್ಲಿಯ ಕಟ್ಟಳೆ. ಒಂದೇ ಹೆಸರಿನ ಕೆಳಗೆ ಎರಡು ಚಿಟ್ಟೆ ಅಡಗಿದ್ದರೆ, ಅವುಗಳ ಬೇರೆತನ ಕಂಡವನು ಎರಡನೆಯದಕ್ಕೆ ಹೆಸರಿಡಬಹುದು. ಎರಡು ಹೆಸರಿನ ಚಿಟ್ಟೆಗಳು ಒಂದೇ ಅಂತ ತಿಳಿದುಬಂದರೆ ಹಳೆಯ ಹೆಸರು ಉಳಿಯುತ್ತದೆ, ಹೊಸ ಹೆಸರಿಟ್ಟವನು ಅದನ್ನು ನುಂಗಬೇಕು. ಕಲ್ಲಿನ ಮುಂದೆ ನಿಂತು, ಕಾಡು ಅತ್ತಿಯ ಎಲೆಯೊಳಗೆ ಆ ಹೆಸರನ್ನು ಕೊನೆಯ ಸಲ ಪಿಸುಗುಟ್ಟಿ, ಎಲೆ ಮಡಚಿ, ಅಗಿದು ನುಂಗಬೇಕು. ಹೊತ್ತು ಮುಳುಗುವವರೆಗೆ ನೀರು ಕುಡಿಯುವ ಹಾಗಿಲ್ಲ. ನುಂಗಿದ ಹೆಸರನ್ನು ಆಮೇಲೆ ಯಾರೂ ಬಾಯಲ್ಲಿ ಆಡುವುದಿಲ್ಲ.

ಊರಿನ ಹೆಸರುಗಾರನನ್ನು ಹೊಳೆಯ ಹೆಸರುಗಾರ ಅನ್ನುತ್ತಿದ್ದರು. ದಂಡೆಯಲ್ಲಿ ಆನೆಗಳು ತುಳಿದು ಉಚ್ಚೆ ಹೊಯ್ದ ಕೆಸರಿನ ಉಪ್ಪು ಹೀರಲು ಚಿಟ್ಟೆಗಳು ಗುಂಪು ಗುಂಪಾಗಿ ಇಳಿಯುತ್ತವೆ. ಅವನು ಆ ಕೆಸರಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಉಸಿರು ತಾಗದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ರೆಕ್ಕೆ ನೋಡುತ್ತಿದ್ದ. ಚಿಟ್ಟೆಗಳೇ ಅವನ ಬಳಿಗೆ ಬರುತ್ತಿದ್ದವು, ಅವನು ಎಂದೂ ಅವುಗಳ ಬಳಿಗೆ ಹೋದವನಲ್ಲ.

ಅವನಿಟ್ಟ ಹೆಸರುಗಳಲ್ಲಿ ಊರಿಗೆಲ್ಲ ಇಷ್ಟವಾದದ್ದು ಅರಿಸಿನಗೈ. ತೆಳು ಹಳದಿ ರೆಕ್ಕೆ, ಕಪ್ಪು ಅಂಚು, ಹಿಂದೆ ಎರಡು ಬಾಲ. ಕೂಗುವವಳು ಅವನ ಹೆಂಡತಿ. ಮದುವೆಯ ದಿನ ಅವಳು ಅರಿಸಿನದ ಕೈ ತೊಳೆಯಲು ಹೊಳೆಗೆ ಬಂದಾಗ ಅವಳ ಬೆರಳ ಪಕ್ಕದಲ್ಲೇ ಒಂದು ಚಿಟ್ಟೆ ಇಳಿಯಿತು. ಕೈ ಯಾವುದು, ರೆಕ್ಕೆ ಯಾವುದು, ಒಂದು ಗಳಿಗೆ ಅವನಿಗೆ ತಿಳಿಯಲಿಲ್ಲ. ಆಗಲೇ ಬಾಯಿಗೆ ಬಂದ ಹೆಸರು ಅದು. ಅಂದಿನಿಂದ ಅವಳು ಕಲ್ಲಿನ ಮೇಲಿಂದ ಅರಿಸಿನಗೈ ಅಂತ ಕೂಗಿದರೆ ಊರು ಒಂದು ಚಿಟ್ಟೆಯ ಹೆಸರು ಕೇಳುತ್ತಿತ್ತು. ಅವನು ಮಾತ್ರ ತನ್ನನ್ನೇ ಕರೆದಳೆಂದು ಕೇಳಿಸಿಕೊಳ್ಳುತ್ತಿದ್ದ. ಇಷ್ಟು ಸಾಕಾಗಿತ್ತು ಅವನಿಗೆ.

ಆಗ ಇನ್ನೊಬ್ಬ ಬಂದ.

ದೋಣಿಯವನ ದೋಣಿಯಲ್ಲಿ ಬಂದ. ಎಲ್ಲಿಂದ ಅಂತ ಕೇಳಿದರೆ ಹಿಂದಿನ ಊರಿನಿಂದ ಅಂದ. ಹೊಳೆಯ ಕಡೆ ತಿರುಗಿಯೂ ನೋಡದೆ ನೆಟ್ಟಗೆ ಕಾಡಿಗೆ ಹೋದ, ಬರುವಾಗ ಕೈಯಲ್ಲಿ ಜೊಂಡಿನ ಬುಟ್ಟಿ. ಅದರೊಳಗೆ ಯಾರೂ ನೋಡದ ಚಿಟ್ಟೆ. ಬಾಲವಿಲ್ಲ, ಕಪ್ಪು ರೆಕ್ಕೆ, ಅದರ ಮೇಲೆ ಬಿಳಿ ಮಚ್ಚೆ. ಸುಣ್ಣಬೊಟ್ಟು ಅಂದ. ಇನ್ನೊಂದು ಸಲ ಹೋಗಿ ಕೆಂಡದ ಬಣ್ಣದ್ದೊಂದನ್ನು ತಂದ. ಒಲೆಗಣ್ಣು ಅಂದ. ಮತ್ತೊಂದು ಸಲ ಮಾಸಲು ಕಂದು ಬಣ್ಣದ್ದು. ಅದು ಬೂದಿಸೆರಗು. ಜನ ಅವನನ್ನು ಕಾಡಿನ ಹೆಸರುಗಾರ ಅನ್ನತೊಡಗಿದರು.

ಬೆಳಿಗ್ಗೆ ಕೂಗುವವಳು ಕಲ್ಲು ಹತ್ತಿದಳು. ಗಂಡನ ಹೆಸರುಗಳನ್ನು ದಿನದ ಹಾಗೆ ಕೂಗಿದಳು, ಮನೆಯ ಪಾತ್ರೆಗಳನ್ನು ಎತ್ತಿಡುವ ಹಾಗೆ. ಸುಣ್ಣಬೊಟ್ಟು ಬಂದಾಗ ಅವಳ ದನಿ ಸ್ವಲ್ಪ ನಿಂತಿತು. ಒಲೆಗಣ್ಣು ಬಂದಾಗ ಕಣ್ಣು ಮುಚ್ಚಿದಳು. ಬೂದಿಸೆರಗನ್ನು ಎಷ್ಟು ಎಳೆದು ಕೂಗಿದಳೆಂದರೆ ಕೊನೆಯ ಅಕ್ಷರ ಕಾಡಿನ ಅಂಚಿನವರೆಗೂ ಹೋಗಿ ಬಂತು.

ಕೆಳಗೆ ನಿಂತಿದ್ದ ಹೊಳೆಯ ಹೆಸರುಗಾರ ಅದನ್ನೆಲ್ಲ ಲೆಕ್ಕ ಇಟ್ಟುಕೊಂಡ.

ಅಂದು ಮಧ್ಯಾಹ್ನ ಅವಳು ಮರಗೆಣಸು ಸುಲಿಯುತ್ತಾ ಕೂತಿದ್ದಾಗ ಕೇಳಿದ.

"ಒಲೆಗಣ್ಣು ಕೂಗುವಾಗ ಯಾಕೆ ಕಣ್ಣು ಮುಚ್ಚಿದೆ?"

"ಬಿಸಿಲು."

"ನನ್ನ ಪಾಚಿಪಟ್ಟಿ ಕೂಗುವಾಗ ಬಿಸಿಲಿರಲಿಲ್ಲವಾ?"

"ಇತ್ತೇನೋ." ಅವಳು ಸಿಪ್ಪೆ ಒಗೆದಳು. "ಅವನ ಹೆಸರುಗಳು ಬಾಯಲ್ಲಿ ಹೊಸದು, ನಾಲಿಗೆ ಒಂದು ಸ್ವಲ್ಪ ತಡವರಿಸುತ್ತೆ. ಅಷ್ಟಕ್ಕೆಲ್ಲ ಲೆಕ್ಕ ಇಡ್ತೀರಾ ನೀವು?"

"ನಾನು ನೋಡೋದೇ ನನ್ನ ಕೆಲಸ ಕಣೇ."

"ಚಿಟ್ಟೆ ನೋಡೋದು ನಿಮ್ಮ ಕೆಲಸ," ಅಂದಳು.

ಹೊಟ್ಟೆಕಿಚ್ಚಿಗೆ ಒಂದು ಗುಣ ಇದೆ. ಅದು ಕಣ್ಣನ್ನು ಬಲು ಚುರುಕು ಮಾಡುತ್ತದೆ, ನೋಡಬೇಕಾದ ಕಡೆಯೊಂದನ್ನು ಬಿಟ್ಟು. ಕೆಸರಿನಲ್ಲಿ ಕೂತರೂ ಅವನ ಕಿವಿ ಊರಿನಲ್ಲಿತ್ತು. ಹೆಂಡತಿ ನೀರಿಗೆ ಬಂದರೆ ಕೊಡದಲ್ಲಿ ಎಷ್ಟು ನೀರು, ಯಾವ ದಾರಿ ಹಿಡಿದಳು, ಅದನ್ನು ನೋಡುತ್ತಿದ್ದ. ಇದನ್ನೆಲ್ಲ ದೋಣಿಯವನು ಹುಟ್ಟು ಒರಗಿಸಿಕೊಂಡು ನೋಡುತ್ತಿದ್ದ.

"ಏನಣ್ಣಯ್ಯ, ಚಿಟ್ಟೆ ನಿನ್ನ ತಲೆ ಮೇಲೆ ಕೂತಿದೆ, ನೀನು ಕೆಸರಲ್ಲಿ ಹುಡುಕ್ತಿದ್ದೀಯ."

"ನಿನ್ನ ದೋಣಿ ನೀನು ನೋಡ್ಕೋ."

"ನೋಡ್ಕೊಂಡಿದ್ರೆ ಅವನನ್ನು ಹತ್ತಿಸ್ತಾನೇ ಇರಲಿಲ್ಲ. ಈಗ ಸುಣ್ಣಬೊಟ್ಟು ಅಂತ ನಮ್ಮ ಮನೆಯವಳೂ ಹಾಡ್ತಾಳೆ, ಅಡಿಗೆ ಮಾಡ್ತಾ."

ಇಷ್ಟು ಹೇಳಿ ಅವನು ನಕ್ಕು ದೋಣಿ ತಳ್ಳಿದ. ಹೊಳೆಯ ಹೆಸರುಗಾರನಿಗೆ ಆ ನಗು ಸಂಜೆಯವರೆಗೂ ಕೇಳುತ್ತಿತ್ತು.

ಕಾಡಿನ ಹೆಸರುಗಾರ ಒಂದು ಸಲ ಮಾತ್ರ ಹೊಳೆಗೆ ಬಂದ. ಪಕ್ಕದಲ್ಲಿ ಕೂತು ಪಾಚಿಪಟ್ಟಿಗಳ ಗುಂಪು ನೋಡಿದ. ಕಪ್ಪು ರೆಕ್ಕೆಯ ಮೇಲೆ ಹಸಿರು ಪಟ್ಟಿ ಎಳೆದ ಚಿಟ್ಟೆ ಅದು, ಹೊಳೆಯ ಹೆಸರುಗಾರ ತುಂಬ ಹಿಂದೆ ಹೆಸರಿಟ್ಟದ್ದು.

"ಅಣ್ಣ, ಇದರಲ್ಲಿ ಎರಡಿವೆ," ಅಂದ.

"ಎರಡಲ್ಲ, ನೂರಿವೆ. ಗುಂಪು ಅದು."

"ಹಾಗಲ್ಲ. ಇದರ ಪಟ್ಟಿ ಅಗಲ. ಅದರದ್ದು ಸಣ್ಣ, ಗೀರು ಎಳೆದಷ್ಟೇ. ರೆಕ್ಕೆ ಮಡಚಿದಾಗ ನೋಡಿ, ಸಣ್ಣ ಪಟ್ಟಿಯದರ ಅಡಿಯಲ್ಲಿ ಬೆಳ್ಳಿ ಚುಕ್ಕೆ ಸಾಲಾಗಿದೆ. ಅಗಲದ್ದರಲ್ಲಿ ಇಲ್ಲ."

ಹೊಳೆಯ ಹೆಸರುಗಾರ ನೋಡಿದ. ಚುಕ್ಕೆ ಇತ್ತು. ಮುಂಚೆಯೂ ಇತ್ತು, ಅವನು ಮೇಲಿಂದ ಮಾತ್ರ ನೋಡಿದ್ದ. "ಅಣ್ಣತಮ್ಮಂದಿರಲ್ಲಿ ಒಬ್ಬ ದಪ್ಪ ಒಬ್ಬ ಸಣ್ಣ ಇರಲ್ವಾ? ಒಂದೇ ಅವು," ಅಂದ.

ಮಾತು ನೋಡುವಜ್ಜಿಯ ಬಳಿಗೆ ಹೋಯಿತು. ತಂಟೆ ಬಂದಾಗ ಕಲ್ಲಿನ ಮುಂದೆ ಕೂತು ಎರಡನ್ನೂ ನೋಡಿ ಒಂದೋ ಬೇರೆಯೋ ಹೇಳುವವಳು ಅವಳು. ಅವಳಿಗೆ ದೂರದ್ದು ಏನೂ ಕಾಣುತ್ತಿರಲಿಲ್ಲ, ಹತ್ತಿರದ್ದು ಮಾತ್ರ ಎಲ್ಲರಿಗಿಂತ ಚೆನ್ನಾಗಿ ಕಾಣುತ್ತಿತ್ತು. ರೆಕ್ಕೆಯನ್ನು ಮೂಗಿಗೆ ತಾಗಿಸಿಕೊಂಡು ನೋಡಿ, "ಬೇರೆ," ಅಂದಳು. ಸಣ್ಣ ಪಟ್ಟಿಯದಕ್ಕೆ ಹುಲ್ಲುಗೀರು ಅಂತ ಹೆಸರಾಯಿತು. ಅದೂ ಕಾಡಿನ ಹೆಸರುಗಾರನದೇ.

ಬೆಳಿಗ್ಗೆ ಕೂಗುವವಳ ಬಾಯಲ್ಲಿ ಈಗ ಅವನ ಹೆಸರುಗಳು ನಾಲ್ಕಾದವು. ಹೊಳೆಯ ಹೆಸರುಗಾರ ನಿದ್ದೆಯಲ್ಲೂ ಎಣಿಸುತ್ತಿದ್ದ.

ಒಂದು ದಿನ ಕೂಗು ಮುಗಿಸಿ ಕೂಗುವವಳು ಮನೆಗೆ ಹೋಗಲಿಲ್ಲ. ಕಲ್ಲಿನಿಂದ ಇಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಾಡಿನ ದಾರಿ ಹಿಡಿದಳು. ಕೈಯಲ್ಲಿ ಕತ್ತಿಯಿಲ್ಲ, ಬುಟ್ಟಿಯಿಲ್ಲ. ಸೌದೆಗೂ ಅಲ್ಲ, ಸೊಪ್ಪಿಗೂ ಅಲ್ಲ. ಹೊಳೆಯ ಹೆಸರುಗಾರ ಕೆಸರಿನಿಂದ ಎದ್ದ. ಹುಟ್ಟಿದ ಮೇಲೆ ಮೊದಲ ಸಲ ಹೊಳೆಗೆ ಬೆನ್ನು ಹಾಕಿ ಕಾಡಿಗೆ ಕಾಲಿಟ್ಟ.

ಕಾಡಿನೊಳಗೆ ಬೆಳಕು ಹಸಿರಾಗಿ ಬೀಳುತ್ತಿತ್ತು. ಅವಳ ಸೆರಗು ಮರಗಳ ನಡುವೆ ಕಾಣುತ್ತಿತ್ತು, ಮರೆಯಾಗುತ್ತಿತ್ತು, ಮತ್ತೆ ಕಾಣುತ್ತಿತ್ತು.  ಈಗ ಸಿಗುತ್ತಾರೆ, ಈ ಪೊದೆಯ ಹಿಂದೆ, ಆ ಮರದ ಹಿಂದೆ, ಇಬ್ಬರೂ ಸಿಗುತ್ತಾರೆ. ಕಾಡುನಿಂಬೆಯ ಒಂದು ಪೊದೆ ಸರಿಸಿದ.

ಸಿಕ್ಕರು. ಎಲೆಯ ಅಡಿಯಲ್ಲಿ, ಬೆನ್ನು ಬೆನ್ನಿಗೆ ಕೂಡಿಸಿಕೊಂಡು, ಅಲ್ಲಾಡದೆ ಜೋತುಬಿದ್ದಿದ್ದವು ಎರಡು ಚಿಟ್ಟೆ. ಒಂದು ಅವನ ಅರಿಸಿನಗೈ. ಅದಕ್ಕೆ ಕೂಡಿಕೊಂಡದ್ದು ಸುಣ್ಣಬೊಟ್ಟು.

ಅವನು ಉಸಿರು ಬಿಡಲಿಲ್ಲ. ಪಕ್ಕದ ಕೊಂಬೆ ನೋಡಿದ. ಅಲ್ಲಿ ಇನ್ನೊಂದು ಅರಿಸಿನಗೈ, ಅದರ ಜೊತೆ ಒಲೆಗಣ್ಣು. ಇನ್ನೂ ಒಳಗೆ ನೆರಳಿನಲ್ಲಿ ಬೂದಿಸೆರಗು ಒಬ್ಬಳೇ ಕೂತಿದ್ದಳು, ಅವಳ ಸುತ್ತ ಒಂದು ಅರಿಸಿನಗೈ ಹಾರಿ ಹಾರಿ ಬೀಳುತ್ತಿತ್ತು.

ಅರ್ಥವಾದಾಗ ಅವನು ಅಲ್ಲೇ ನೆಲದ ಮೇಲೆ ಕೂತು ನಕ್ಕ. ಹೆಂಡತಿ ಯಾವ ಕಡೆ ಹೋದಳು, ಯಾರನ್ನು ನೋಡಲು ಹೋದಳು, ನೋಡಿದಳೋ ಇಲ್ಲವೋ, ಅದು ಅವನಿಗೆ ಮರೆತೇ ಹೋಯಿತು. ಅಲ್ಲಿಯ ಬಳ್ಳಿಯಲ್ಲೇ ಅವಸರಕ್ಕೊಂದು ಬುಟ್ಟಿ ಹೆಣೆದು, ಎಲೆ ಸಮೇತ ಜೋಡಿಗಳನ್ನು ಅದಕ್ಕೆ ಹಾಕಿಕೊಂಡು ಊರಿಗೆ ಓಡಿದ.

ಕಲ್ಲಿನ ಮುಂದೆ ಊರು ಸೇರಿತು. ಕಾಡಿನ ಹೆಸರುಗಾರ ಬಂದ. ಕೂಗುವವಳೂ ಬಂದಳು, ಕಾಡಿನ ಕಡೆಯಿಂದ, ಒಬ್ಬಳೇ.

"ಅಜ್ಜಿ, ಸುಣ್ಣಬೊಟ್ಟು, ಒಲೆಗಣ್ಣು, ಬೂದಿಸೆರಗು, ಇವನ ಈ ಮೂರು ಹೆಸರೂ ನನ್ನ ಅರಿಸಿನಗೈ," ಅಂದ ಹೊಳೆಯ ಹೆಸರುಗಾರ. "ಇವೆಲ್ಲ ಅದರ ಹೆಣ್ಣುಗಳು. ನನ್ನ ಹೆಸರು ಹಳೆಯದು."

"ಬಣ್ಣ ಬೇರೆ ಇದೆಯಲ್ಲಪ್ಪ. ಇದಕ್ಕೆ ಬಾಲವೂ ಇಲ್ಲ."

"ಬಣ್ಣ ಅನ್ನೋದು ಸೀರೆ ಇದ್ದ ಹಾಗೆ. ಉಟ್ಟ ಸೀರೆ ಬೇರೆಯಾದರೆ ಹೆಂಗಸು ಬೇರೆ ಆಗ್ತಾಳಾ?"

ಜನ ಕೂಗುವವಳ ಕಡೆ ನೋಡಿದರು. ಅವಳು ಬುಟ್ಟಿಯ ಕಡೆ ನೋಡುತ್ತಿದ್ದಳು.

ಅಜ್ಜಿ ಬುಟ್ಟಿಗೆ ಮೂಗಿಟ್ಟು ನೋಡಿದಳು. ಕೂಡುವುದು ಕಂಡರೆ ಸಾಲದು, ಮಕ್ಕಳು ಹೇಳಬೇಕು, ಅಂದಳು. ಸುಣ್ಣಬೊಟ್ಟನ್ನು ನಿಂಬೆ ಗಿಡದ ಮೇಲೆ ಬಲೆಯೊಳಗೆ ಬಿಟ್ಟರು. ಅದು ಮೊಟ್ಟೆಯಿಟ್ಟಿತು. ಮೊಟ್ಟೆ ಹುಳುವಾಯಿತು. ಹುಳುಗಳಿಗೆ ಎಲೆ ಬೇಕು, ಯಾರು ತರುವುದು? ಕಾಡಿನ ಹೆಸರುಗಾರನೇ ತಂದ. ತಿಂದು ದೊಡ್ಡದಾಗಿ ತನ್ನ ಹೆಸರುಗಳನ್ನೇ ತಿನ್ನುವ ಹುಳುಗಳಿಗೆ ಅವನು ದಿನವೂ ಎಳೆ ಎಲೆ ಆರಿಸಿ ತಂದ. ಹೊಳೆಯ ಹೆಸರುಗಾರ ಪಕ್ಕದಲ್ಲಿ ಕಾವಲು ಕೂತ.

"ನಿನಗೆ ಮುಂಚೆಯೇ ಗೊತ್ತಿತ್ತಾ?" ಅಂತ ಒಮ್ಮೆ ಕೇಳಿದ.

"ಇಲ್ಲ ಅಣ್ಣ. ನಾನು ಹೆಣ್ಣುಗಳನ್ನೇ ನೋಡುತ್ತಾ ಕೂತೆ. ಅವರ ಗಂಡ ಎಲ್ಲಿ ಅಂತ ಕೇಳಲೇ ಇಲ್ಲ."

ಹೊಳೆಯ ಹೆಸರುಗಾರನಿಗೆ ಆ ಮಾತು ಇಷ್ಟವಾಗಲಿಲ್ಲ. ಆದರೆ ಹುಳುಗಳು ಗೂಡು ಕಟ್ಟಿದ್ದವು.

ಗೂಡು ಒಡೆದವು. ಒಬ್ಬಳೇ ತಾಯಿಯ ಮೊಟ್ಟೆಗಳಿಂದ ಹಳದಿಯವೂ ಬಂದವು, ಬಿಳಿ ಮಚ್ಚೆಯವೂ ಬಂದವು, ಕೆಂಡದ ಬಣ್ಣದವೂ ಮಾಸಲು ಕಂದಿನವೂ ಬಂದವು. ಹಳದಿಯವೆಲ್ಲ ಗಂಡು. ಉಳಿದವೆಲ್ಲ ಹೆಣ್ಣು.

"ಒಂದೇ," ಅಂದಳು ಅಜ್ಜಿ. ಆಮೇಲೆ ಹೊಳೆಯ ಹೆಸರುಗಾರನ ಕಡೆ ತಿರುಗಿದಳು. "ಕಹಿ ಚಿಟ್ಟೆಯನ್ನು ಹಕ್ಕಿ ತಿನ್ನಲ್ಲ. ಹೆಣ್ಣು ಮೊಟ್ಟೆ ಹೊತ್ತವಳು, ಅದಕ್ಕೆ ಒಬ್ಬೊಬ್ಬಳು ಒಂದೊಂದು ಕಹಿ ಚಿಟ್ಟೆಯ ವೇಷ ಹಾಕಿ ನೆರಳಲ್ಲಿ ಬದುಕ್ತಾಳೆ. ಗಂಡು ಸುಮ್ಮನೆ ಹೊಳೆಗೆ ಬಂದು ಉಪ್ಪು ಕುಡೀತಾನೆ. ಅಲ್ಲಪ್ಪ, ಹೆಂಡತಿಯ ಕೈ ನೋಡಿ ಹೆಸರಿಟ್ಟೆ ಅಂತೀಯ. ನೀನು ನೋಡಿದ್ದೆಲ್ಲ ಗಂಡು. ಇದರ ಹೆಣ್ಣು ಎಲ್ಲಿ ಅಂತ ಇಷ್ಟು ಕಾಲ ನಿನಗೆ ಅನ್ನಿಸಲೇ ಇಲ್ವಾ?"

ಅವನಿಗೆ ಆ ಪ್ರಶ್ನೆ ಕೇಳಿಸಲಿಲ್ಲ. ಗೆದ್ದವನ ಕಿವಿ ಅದು.

ಕಾಡಿನ ಹೆಸರುಗಾರ ಕಲ್ಲಿನ ಮುಂದೆ ನಿಂತ. ಅತ್ತಿಯ ಎಲೆ ಕೊಟ್ಟರು. ಸುಣ್ಣಬೊಟ್ಟು ಅಂತ ಎಲೆಯೊಳಗೆ ಪಿಸುಗುಟ್ಟಿ, ಮಡಚಿ, ಅಗಿದು ನುಂಗಿದ. ಒಲೆಗಣ್ಣು ಅಂತ ಪಿಸುಗುಟ್ಟಿ ನುಂಗಿದ. ಬೂದಿಸೆರಗಿಗೆ ಬಂದಾಗ ಎಲೆ ಒಂದು ಗಳಿಗೆ ಅವನ ಗಂಟಲಲ್ಲಿ ಸಿಕ್ಕಿಕೊಂಡಿತು. ಕೂಗುವವಳ ಕೈ ತಾನಾಗಿ ತನ್ನ ಗಂಟಲಿಗೆ ಹೋಯಿತು. ಹೊಳೆಯ ಹೆಸರುಗಾರ ಎಲೆಯನ್ನು ನೋಡಲಿಲ್ಲ, ನುಂಗುವವನನ್ನೂ ನೋಡಲಿಲ್ಲ. ಆ ಕೈಯನ್ನು ನೋಡಿದ.

"ಹುಲ್ಲುಗೀರು ನಿನ್ನದೇ ಇದೆ, ಇರು," ಅಂದಳು ಅಜ್ಜಿ.

"ಇಲ್ಲ ಅಜ್ಜಿ, ನನ್ನ ಕಾಲು ಒಂದು ಕಡೆ ನಿಲ್ಲೋ ಜಾತಿಯದ್ದಲ್ಲ," ಅಂದ. ಹೊತ್ತು ಮುಳುಗುವವರೆಗೆ ದಂಡೆಯಲ್ಲಿ ಕಾದು, ಹೊಳೆಯ ನೀರನ್ನು ಬೊಗಸೆಯಲ್ಲಿ ಕುಡಿದು, ದೋಣಿ ಹತ್ತಿ ಹೋದ. ಕೂಗುವವಳು ಬಾಗಿಲಿಗೂ ಬರಲಿಲ್ಲ. ಒಳಗೆ ಮರಗೆಣಸು ಬೇಯಿಸುತ್ತಿದ್ದಳು. ಹೊಳೆಯ ಹೆಸರುಗಾರ ಬಹಳ ದಿನದ ಮೇಲೆ ಹೊಟ್ಟೆ ತುಂಬ ಉಂಡ.

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ಕಲ್ಲಿನ ಬುಡದಲ್ಲಿ ಕೂತ.

ಅವಳು ಹತ್ತಿದಳು. ಪಾಚಿಪಟ್ಟಿ ಕೂಗಿದಳು. ಹುಲ್ಲುಗೀರು ಬರುವುದಿತ್ತು. ಅವನು ಬೆನ್ನು ನೆಟ್ಟಗೆ ಮಾಡಿದ. ಹೋದವನದಾಗಿ ಉಳಿದದ್ದು ಅದೊಂದೇ, ಅದನ್ನು ಇವಳು ಹೇಗೆ ಕೂಗುತ್ತಾಳೋ ಅದರಲ್ಲಿ ಎಲ್ಲ ಇದೆ. ಅವಳು ಕೋಳಿ ಕರೆಯುವ ಹಾಗೆ ಹುಲ್ಲುಗೀರು ಅಂದು ಮುಂದೆ ಹೋದಳು. ಅವನ ಎದೆಯ ಮೇಲಿನ ಬಂಡೆ ಇಳಿಯಿತು.

ಆಮೇಲೆ ಅರಿಸಿನಗೈ ಬಂತು.

ಅವಳು ಕಣ್ಣು ಮುಚ್ಚಿದಳು. ದನಿ ಸ್ವಲ್ಪ ನಿಂತಿತು. ಆಮೇಲೆ ಎಷ್ಟು ಎಳೆದು ಕೂಗಿದಳೆಂದರೆ ಕೊನೆಯ ಅಕ್ಷರ ಕಾಡಿನ ಅಂಚಿನವರೆಗೂ ಹೋಗಿ ಬಂತು.

ಮದುವೆಯಾದಾಗಿನಿಂದ ಅವಳು ಆ ಹೆಸರನ್ನು ಹಾಗೆ ಕೂಗಿರಲಿಲ್ಲ. ಜನ ಅವನ ಕಡೆ ನೋಡಿ ನಕ್ಕರು, ಒಳ್ಳೆಯ ನಗೆಯೇ. ದೋಣಿಯವನು ಹೆಗಲು ತಟ್ಟಿದ. "ಗೆದ್ದೆ ಕಣಣ್ಣಯ್ಯ. ನಿನ್ನನ್ನೇ ಕರೆದ ಹಾಗಿತ್ತು."

ಹೊಳೆಯ ಹೆಸರುಗಾರ ಏಳಲಿಲ್ಲ.

ಮನೆಯಲ್ಲಿ ಕೇಳಿದ. "ಅರಿಸಿನಗೈ ಅಂದಾಗ ಯಾವುದನ್ನು ನೆನೆಸಿಕೊಂಡೆ?"

"ಅರಿಸಿನಗೈಯನ್ನೇ."

"ಹಳದಿಯದನ್ನಾ?"

"ಅದನ್ನೂ."

"ಅದನ್ನೂ ಅಂದರೆ?"

ಅವಳು ಕೈಯಲ್ಲಿದ್ದ ಮರಗೆಣಸು ಕೆಳಗಿಟ್ಟಳು. "ನೀವೇ ತಾನೇ ಊರ ಮುಂದೆ ನಿಂತು ಹೇಳಿದ್ದು, ಎಲ್ಲ ಒಂದೇ ಅಂತ? ಮೊದಲು ನಾಲ್ಕು ಸಲ ಬಾಯಿ ತೆರೀತಿದ್ದೆ. ಈಗ ಒಂದೇ ಸಲಕ್ಕೆ ಎಲ್ಲ ಬರಬೇಕು. ಅದಕ್ಕೆ ಒಂದು ಸ್ವಲ್ಪ ಎಳೀತೀನಿ."

"ಅವನನ್ನು ನೆನೆಸಿಕೊಂಡೆಯಾ?"

"ನಿಮ್ಮ ಹೆಸರು ಅದು. ನಿಮ್ಮ ಹೆಸರನ್ನೇ ಕೂಗಿದೆ. ಇನ್ನೇನು ಮಾಡಲಿ?"

ಅದು ನಿಜವಾಗಿತ್ತು. 

ಅವನು ನೋಡುವಜ್ಜಿಯ ಬಳಿಗೆ ಹೋದ. "ಅಜ್ಜಿ, ಆ ಹೆಣ್ಣುಗಳಿಗೆ ಅವುಗಳ ಹೆಸರು ಹಿಂದಕ್ಕೆ ಕೊಟ್ಟುಬಿಡು."

"ನುಂಗಿದ್ದನ್ನು ಎಲ್ಲಿಂದ ತರಲಿ?"

"ಹೊಸದು ಇಡೋಣ. ನಾನೇ ಇಡ್ತೀನಿ. ಬೇರೆ ಮಾಡಿದರೆ ಸಾಕು."

"ಬೇರೆತನ ತೋರಿಸು."

"ಒಂದು ಹಳದಿ, ಒಂದು ಕಪ್ಪು. ಕಣ್ಣಿಗೆ ಹೊಡೆದ ಹಾಗೆ ಕಾಣುತ್ತಲ್ಲ."

"ಬಣ್ಣ ಸೀರೆ ಇದ್ದ ಹಾಗೆ, ಅಂದಿದ್ದೆ," ಅಂದಳು ಅಜ್ಜಿ. ಅಣಕಿಸಲಿಲ್ಲ, ನೆನಪು ಮಾಡಿಕೊಟ್ಟಳು ಅಷ್ಟೇ.

ಅಂದಿನಿಂದ ಹೊಳೆಯ ಹೆಸರುಗಾರನನ್ನು ಹೊಳೆಯ ಬಳಿ ಯಾರೂ ಕಾಣಲಿಲ್ಲ. ಅವನ ಕೆಸರಿನಲ್ಲಿ ಗಂಡು ಚಿಟ್ಟೆಗಳು ತಮ್ಮ ಪಾಡಿಗೆ ಉಪ್ಪು ಕುಡಿದು ಹೋಗುತ್ತವೆ. ಅವನು ಕಾಡುನಿಂಬೆಯ ಪೊದೆಯ ಅಡಿ ಮಂಡಿಯೂರಿ ಕೂತಿರುತ್ತಾನೆ, ಕೈಯಲ್ಲಿ ಜೊಂಡಿನ ಬುಟ್ಟಿ. ಜೋಡಿಗಳನ್ನು ಬಿಡಿಸಿ ನೋಡುತ್ತಾನೆ. ರೆಕ್ಕೆಯ ಮೇಲೆ ನೋಡುತ್ತಾನೆ, ಕೆಳಗೆ ನೋಡುತ್ತಾನೆ, ಕಾಲಿನ ಕೂದಲು ನೋಡುತ್ತಾನೆ. ಒಂದು ಚುಕ್ಕೆ, ಒಂದು ಗೀರು, ಇವಳು ಅವನವಳಲ್ಲ ಅನ್ನುವ ಏನಾದರೊಂದು. ದೂರದಿಂದ ಕಂಡವರು ಕಾಡಿನ ಹೆಸರುಗಾರ ಮರಳಿ ಬಂದನೆಂದು ತಿಳಿಯುತ್ತಾರೆ. ಕೆಲವರು ಹಾಗೆಯೇ ಕರೆಯುವುದೂ ಉಂಟು, ಅವನು ತಿರುಗಿ ನೋಡುವುದೂ ಉಂಟು.

ಬೆಳಿಗ್ಗೆ ಮಾತ್ರ ತಪ್ಪದೆ ಕಲ್ಲಿನ ಬುಡಕ್ಕೆ ಬರುತ್ತಾನೆ. ಅವಳು ಕಣ್ಣು ಮುಚ್ಚಿ ಅರಿಸಿನಗೈ ಅಂತ ಕೂಗುತ್ತಾಳೆ. ಅವನು ಕತ್ತು ವಾಲಿಸಿ, ಉಸಿರು ತಾಗದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು, ಆ ದನಿಯ ಅಡಿಭಾಗವನ್ನು ನೋಡುತ್ತಾನೆ. ಅದು ಮುಗಿಯುತ್ತದೆ. ಅವಳು ಮುಂದಿನ ಹೆಸರಿಗೆ ಹೋಗುತ್ತಾಳೆ. ಅವನು ನಾಳೆ ಇನ್ನೂ ಸ್ವಲ್ಪ ಹತ್ತಿರ ಕೂರುತ್ತಾನೆ.